ಅಜ್ಜಾರ ಸಾಲಿಗೆ ಎಲ್ಲರೂ ಹ್ಞೂಂ ಅಂದರು

ನಮ್ಮೂರಿಗೂ ಬಾಜೂ ಊರಿಗೂ ನಡುವೆ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಅದು ಬರೀ ಉಸುಕು. ಮಳೆಗಾಲ ಬಂತೆಂದರೆ ಎತ್ತುಗಳೂ ಒಂದು ಸಲ ಮೂಸಿ ನೋಡಿಯೇ ಇಳಿಯುತ್ತವೆ. ಕಲಘಟಗಿ ಕಡೆಯ ಹಳ್ಳಗಳೇ ಹಾಗೆ, ಮಳೆ ಎಲ್ಲೋ ಮೇಲೆ ಬಿದ್ದಿರುತ್ತದೆ, ನೀರು ಇಲ್ಲಿ ಬಂದಿರುತ್ತದೆ. ನಮ್ಮೂರಿನ ಸರಕಾರಿ ಸಾಲಿ ನಾಲ್ಕನೇ ಇಯತ್ತೆವರೆಗೆ ಮಾತ್ರ. ಐದು, ಆರು, ಏಳು ಬೇಕೆಂದರೆ ಹಳ್ಳ ದಾಟಬೇಕು. ನಾನು ಅಣ್ಣನ ಅಂಗಿಯ ಚುಂಗು ಹಿಡಿದುಕೊಂಡು ದಾಟಿ ಏಳು ಮುಗಿಸಿದವಳು. ಆಮೇಲೆ ಮನೆಯಲ್ಲೇ ಕೂತು ಓದಿ, ಹೊರಗಿನಿಂದ ಪರೀಕ್ಷೆಗೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ. ಅಣ್ಣ ಹುಬ್ಬಳ್ಳಿಯ ಗ್ಯಾರೇಜಿಗೆ ಸೇರಿಕೊಂಡ. ಉಳಿದವಳು ನನ್ನ ತಂಗಿ, ನಾಲ್ಕನೇ ಇಯತ್ತೆ.

ಅವಳ ವಿಷಯದಲ್ಲಿ ಅಪ್ಪ ಮೊದಲೇ ತೀರ್ಮಾನ ಹೇಳಿಬಿಟ್ಟಿದ್ದ. "ನಾಕು ಸಾಕು. ಹಳ್ಳ ದಾಟಿಸಾಕ ನನ್ನ ಕಡೆ ಇನ್ನೊಬ್ಬ ಗಂಡಮಗ ಇಲ್ಲ."

ಹೀಗಿರುವಾಗ ನಮ್ಮೂರ ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಮಠದ ಹಿತ್ತಲಿನಲ್ಲಿ ಹೊಸ ಸಾಲಿ ಕಟ್ಟುತ್ತಾರೆ ಅನ್ನುವ ಸುದ್ದಿ ಬಂತು. ಐದರಿಂದ ಹತ್ತರವರೆಗೆ. ಬೆಳಿಗ್ಗೆ ವಚನದ ಪ್ರಾರ್ಥನೆ, ಹಣೆಗೆ ವಿಭೂತಿ, ಮಧ್ಯಾಹ್ನ ದಾಸೋಹದ ಊಟ, ಆಮೇಲೆ ಸರಕಾರದ್ದೇ ಪಾಠ. ನಾನು ಕೇಳಿದ್ದೇ ತಡ, ಮನಸ್ಸಿನಲ್ಲಿ ತಂಗಿಗೆ ನೀಲಿ ಲಂಗ ಹೊಲಿಸಿಬಿಟ್ಟಿದ್ದೆ.

ಆ ದಿನಗಳಲ್ಲಿ ನನಗೆ ಒಂದು ಹುಚ್ಚು ಹತ್ತಿತ್ತು. ಹುಬ್ಬಳ್ಳಿಯಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಅಣ್ಣ ಕೊಂಡು ತಂದುಕೊಟ್ಟ ಒಂದು ಸಮೀಕ್ಷೆಯ ಪುಸ್ತಕ. ಮೊದಲಿನ ಹಾಳೆಗಳೇ ಇರಲಿಲ್ಲ, ಯಾರು ಬರೆದದ್ದೋ ಗೊತ್ತಿಲ್ಲ. ಜನರನ್ನು ಹೇಗೆ ಕೇಳಬೇಕು, ಕೇಳಿದ್ದನ್ನು ಹೇಗೆ ಕೂಡಿಸಬೇಕು ಅಂತ ಇತ್ತು. ಅರ್ಧ ತಿಳಿಯುತ್ತಿತ್ತು, ಉಳಿದರ್ಧ ನಾನೇ ಊಹಿಸಿಕೊಳ್ಳುತ್ತಿದ್ದೆ. ಊರೆಲ್ಲ ಇದು ಗೊತ್ತಿತ್ತು, ಯಾಕೆಂದರೆ ಸಿಕ್ಕವರಿಗೆಲ್ಲ ನಾನೇ ಹೇಳುತ್ತಿದ್ದೆ. ಅಜ್ಜಾರಿಗೂ ಮುಟ್ಟಿತ್ತು. ಒಂದು ದಿನ ಕರೆಸಿದರು.

"ಏನವಾ, ನೀ ಏನೋ ಮಂದೀನ ಕೇಳೂ ಪುಸ್ತಕ ಓದ್ತೀ ಅಂತಲ್ಲ?"

"ಹೌದ್ರಿ ಅಜ್ಜಾರ."

"ಹಂಗಾರ ಕೇಳಿಕೊಂಡು ಬಾ. ನಮ್ಮ ಸಾಲಿ ಸುರು ಆದ್ರ ಹಳ್ಳದಾಚಿ ಸಾಲಿಗೆ ಏನಾಗತೈತಿ ಅಂತ ಧಾರವಾಡದ ಶಿಕ್ಷಣ ಆಫೀಸಿನವರು ಕೇಳ್ಯಾರ. ನನಗೇನು ಗೊತ್ತವಾ? ಇದ್ದದ್ದು ಇದ್ದಂಗ ಹೇಳು, ಹಂಗ ಬರದು ಕಳಸ್ತೇವಿ."

ನಾನು ಹಾರುತ್ತಾ ಮನೆಗೆ ಬಂದೆ. ಅಪ್ಪ ಬಾಗಿಲಲ್ಲೇ ಇಳಿಸಿದ. "ಒಬ್ಬಾಕಿನ ಮನಿ ಮನಿ ತಿರಗಾಕ ಹೋಗ್ತೀ? ಮಂದಿ ಏನಂತಾರ? ಹೋಗೂದಾದ್ರ ಅಯ್ಯಾರ ಕೂಡ ಹೋಗು."

ಅಯ್ಯನವರು ನಮ್ಮ ಓಣಿಯವರೇ. ವಯಸ್ಸಾದವರು. ಮಠದ ಜೋಳಿಗೆ ಹೆಗಲಿಗೆ ಹಾಕಿಕೊಂಡು ಸುತ್ತಲ ಊರುಗಳಲ್ಲಿ ದಾಸೋಹಕ್ಕೆ ಜೋಳ, ಅಕ್ಕಿ ಕೂಡಿಸಿ ತರುತ್ತಿದ್ದರು. ಅವರಿಗೆ ಎಲ್ಲ ಮನೆಗಳೂ ಗೊತ್ತು, ಎಲ್ಲ ಮನೆಯ ನಾಯಿಗಳಿಗೂ ಅವರು ಗೊತ್ತು. ಇದಕ್ಕಿಂತ ಒಳ್ಳೆಯ ಜೊತೆ ಎಲ್ಲಿ ಸಿಗಬೇಕು? "ಹೋಗೂಣು ನಡಿಯವಾ, ನನಗೂ ಜೋಳ ತರೂದೈತಿ, ನಿನಗ ಮಾತು ತರೂದೈತಿ" ಅಂದರು.

ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಹಳ್ಳ ದಾಟಿ ಮೊದಲು ಹೋದದ್ದು ಕುರಿ ಸಾಕುವವರ ಮನೆ. ಅಯ್ಯನವರು ಬಾಗಿಲಲ್ಲಿ ನಿಂತು ಶರಣು ಅಂದರು, ಮನೆಯಾಕೆ ಮೊರದಲ್ಲಿ ಜೋಳ ತಂದು ಜೋಳಿಗೆಗೆ ಹಾಕಿದಳು, ನಾನು ಪುಸ್ತಕದಲ್ಲಿದ್ದ ಹಾಗೆಯೇ ಮೆತ್ತಗೆ ಕೇಳಿದೆ. ನಮ್ಮೂರಲ್ಲಿ ಮಠದ ಸಾಲಿ ಆದರೆ ನಿಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುತ್ತೀರೋ, ಇಲ್ಲೇ ಇಡುತ್ತೀರೋ?

"ಕಳಸ್ತೇವಿ ಯವ್ವಾ, ಅಜ್ಜಾರ ಸಾಲಿ ಅಂದ್ರ ಇಲ್ಲ ಅನ್ನಾಕ ಬರತೈತೇನು?"

ಅಲ್ಲಿಂದ ಹತ್ತಿ ಹಿಂಜುವ ಪಿಂಜಾರ ಕಾಕಾನ ಮನೆ. ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ಕಾಕಾ, ಅಲ್ಲಿ ದಿನಾ ವಿಭೂತಿ ಹಚ್ಚುತ್ತಾರೆ, ವಚನ ಹೇಳಿಸುತ್ತಾರೆ, ನಡೆಯುತ್ತದೆಯೇ ಅಂದೆ.

"ಹಚ್ಚಿದ್ರ ಹಣಿ ಸುಡತೈತೇನು ತಂಗಿ? ಮಠದ ಗಾದಿ ಎಲ್ಲಾ ನಮ್ಮಪ್ಪ ಹೊಲದದ್ದು. ಗಾದಿ ಮ್ಯಾಲೆ ಅಜ್ಜಾರು ಕುಂದರತಾರ, ಕೆಳಗ ನನ್ನ ಮಗ ಕುಂದರ್ಲಿ ಬಿಡು."

ಅಯ್ಯನವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಕಾಕಾ ಒಳಗಿನಿಂದ ಅಕ್ಕಿ ತಂದು ಹಾಕಿದ.

ಸಾಲಿಯ ಬಾಜೂ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು, ಮೆಣಸಿನಕಾಯಿ ಬೆಳೆಯುವವಳು. ಗಂಡ ತೀರಿಕೊಂಡಿದ್ದ. ಮಗಳು ಐದನೇ ಇಯತ್ತೆ, ಬಲು ಚುರುಕು, ನಾನು ಕೇಳುತ್ತಿರುವಾಗ ಅವ್ವನ ಬೆನ್ನ ಹಿಂದೆ ನಿಂತು ನನ್ನ ಕೈಯ ಪೆನ್ಸಿಲ್ಲನ್ನೇ ನೋಡುತ್ತಿದ್ದಳು. ಆ ಅಕ್ಕನೂ ಹ್ಞೂಂ ಅಂದಳು. ಹೀಗೆ ಎಲ್ಲರೂ ಹ್ಞೂಂ. ಕೊನೆಗೆ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ ಮುದುಕನನ್ನು ಸುಮ್ಮನೆ ಮಾತಾಡಿಸಿದೆ. ಅವನೂ "ನಮ್ಮ ಮನೀದೂ ಒಂದು ಬರಕೋ ಯವ್ವಾ" ಅಂದ. ಬರೆದುಕೊಂಡೆ. ಮುಂದೆ ಹೋದ ಮೇಲೆ ಅಯ್ಯನವರು ಹೇಳಿದರು, "ಆತಗ ಮದುವೀನ ಆಗಿಲ್ಲ."

ಮತ್ತೆ ಯಾವ ಮಗುವನ್ನು ಕಳಿಸುತ್ತಾನೆ? ಅಣ್ಣನ ಮೊಮ್ಮಗನನ್ನೋ ಏನೋ ಅಂದುಕೊಂಡೆ. ಪುಸ್ತಕದಲ್ಲಿ ಇಂಥವರ ಬಗ್ಗೆ ಏನೂ ಇರಲಿಲ್ಲ. ಇದ್ದಿದ್ದರೆ ಆ ಹರಿದ ಹಾಳೆಗಳಲ್ಲಿ ಇದ್ದಿರಬೇಕು.

ಆ ಸಾಲಿಯ ಹೆಡ್ ಮಾಸ್ತರರು ನನಗೂ ಕಲಿಸಿದವರು. ಚಹಾ ತರಿಸಿದರು. ಊರಿನವರೆಲ್ಲ ಮಠದ ಸಾಲಿಗೆ ಬರುತ್ತೇವೆ ಅಂದರು ಅಂತ ಹೇಳಿದಾಗ ಕಪ್ಪು ಕೆಳಗಿಟ್ಟರು.

"ಎಲ್ಲಾರೂ ಅಂದ್ರ?"

"ಎಲ್ಲಾರೂ ರೀ ಸರ್."

"ಮೊನ್ನೆ ಪಾಲಕರ ಸಭೆಯಾಗ ಇದ ಮಂದಿ ನನಗ ಹೇಳ್ಯಾರ, ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ಅಂತ." ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆರೆದರು. "ಹುಡುಗೂರು ಕಡಿಮಿ ಆದ್ರ ಒಬ್ಬ ಮಾಸ್ತರನ್ನ ತಗೀತಾರ. ಮಾಸ್ತರ ಹೋದ್ರ ಮ್ಯಾಲಿನ ವರ್ಗ ಮುಚ್ಚತಾರ. ನೀ ಕಲತ ವರ್ಗನ ಅದು. ಬರಿ, ನೀ ಕೇಳಿದ್ದ ಬರಿ. ಸುಳ್ಳು ಬರಿ ಅಂತ ನಾ ಹೇಳಂಗಿಲ್ಲ."

ಬರುವಾಗ ಅಯ್ಯನವರ ಜೋಳಿಗೆ ತುಂಬಿ ಜೋತುಬಿದ್ದಿತ್ತು. ನನ್ನ ತಲೆಯೂ ಹಾಗೆಯೇ ಆಗಿತ್ತು. ಒಂದೇ ಮಂದಿ ಎರಡು ಸಾಲಿಗೂ ಮಕ್ಕಳನ್ನು ಕೊಟ್ಟಿದ್ದಾರೆ. ಯಾವುದು ಖರೆ?

ಮಿಶ್ರಿಕೋಟಿಯ ಸಂತೆಯಲ್ಲಿ ಆ ಮೆಣಸಿನಕಾಯಿ ಅಕ್ಕ ಸಿಕ್ಕಳು. ಗೋಣಿಚೀಲ ಹಾಸಿ ಕೂತಿದ್ದಳು. ನಾನೂ ಅವಳ ಬಾಜೂ ಕೂತು ಮತ್ತೆ ಅದನ್ನೇ ಕೇಳಿದೆ.

"ನಿನಗೇನು ಹುಚ್ಚೇನ ಬೇ?" ಅಂದಳು. "ಆಕೀನ ಮಳಿಗಾಲದಾಗ ಆ ಹಳ್ಳ ಹೆಂಗ ದಾಟಿಸ್ಲಿ? ಹೊತ್ಕೊಂಡು ಹೋಗ್ಲೇನು?"

"ಮತ್ತ ಅವತ್ತ ಹ್ಞೂಂ ಅಂದ್ರಲ್ಲ?"

"ಜೋಳಿಗಿ ಮುಂದ ನಿಲ್ಲಿಸ್ಕೊಂಡು ಕೇಳಿದ್ರ ಯಾರರ ಊಹೂಂ ಅಂತಾರೇನ ಹುಚ್ಚಿ! ಬಾಗಲಿಗೆ ಬಂದ ಜೋಳಿಗಿ ಖಾಲಿ ಹೋಗಬಾರದು. ಜೋಳನೂ ಹಾಕಿದ್ವಿ, ಮಾತೂ ಹಾಕಿದ್ವಿ."

ನಾನು ಮೆಣಸಿನಕಾಯಿಯ ಘಾಟಿಗೆ ಸೀನಿದೆನೋ, ನಾಚಿಕೆಗೆ ಸೀನಿದೆನೋ ತಿಳಿಯಲಿಲ್ಲ. ನಮ್ಮವ್ವನೂ ಜೋಳ ಮುಗಿದ ದಿನ ಬಾಜೂ ಮನೆಯಿಂದ ಕಡ ತಂದು ಜೋಳಿಗೆಗೆ ಹಾಕುವವಳೇ. ಹುಟ್ಟಿದಾಗಿನಿಂದ ಕಂಡದ್ದು. ಅದಕ್ಕೇ ಇರಬೇಕು, ಜೋಳಿಗೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಅಂದ್ರ ನೀವು ಯಾರೂ ಈ ಕಡೆ ಬರಂಗಿಲ್ಲ. ಹಂಗಾರ ನಿಮ್ಮ ಸಾಲಿಗೆ ಏನೂ ಆಗಂಗಿಲ್ಲ ಅಲ್ಲೇನ್ರಿ ಅಕ್ಕಾರ?" ನನಗೆ ಒಮ್ಮೆಲೇ ಹಗುರಾಯಿತು.

ಅವಳು ತಕ್ಕಡಿ ಕೆಳಗಿಟ್ಟಳು. "ನಾವು ಬರಂಗಿಲ್ಲ, ಖರೆ. ನಿಮ್ಮೂರ ಹುಡುಗೂರು ನಮ್ಮ ಸಾಲಿಗೆ ಬರೂದು ಬಿಟ್ರ? ಮ್ಯಾಲಿನ ವರ್ಗದಾಗ ಅರ್ಧ ನಿಮ್ಮೂರವ ಅದಾವ. ವರ್ಗ ಮುಚ್ಚಿದ್ರ ನನ್ನ ಮಗಳು ಎಲ್ಲಿ ಹೋಗಬೇಕು? ಅದನ್ನ ಯಾರ್ನ ಕೇಳೀದಿ?"

ಯಾರನ್ನೂ ಕೇಳಿರಲಿಲ್ಲ. ಹಳ್ಳದಾಚೆಗೆ ಏನಾಗುತ್ತದೆ ಅಂತ ತಿಳಿಯಲು ಹಳ್ಳದಾಚೆಗೇ ಹೋಗಬೇಕು ಅಂತ ಹೋಗಿದ್ದೆ. ಕೇಳಬೇಕಾದವರು ಈಚೆಗೆ, ನಮ್ಮ ಓಣಿಯಲ್ಲೇ ಇದ್ದರು.

ಸರಿ, ಈ ಸಲ ಜೋಳಿಗೆ ಇಲ್ಲದೆ ನಮ್ಮೂರಲ್ಲಿ ತಿರುಗಿದೆ. ಸ್ವಂತ ಊರಾದ್ದರಿಂದ ಅಪ್ಪ ತಡೆಯಲಿಲ್ಲ. ಇಲ್ಲಿ ಇನ್ನಷ್ಟು ಗೊಂದಲವಾಯಿತು. ಮಠ ಅಂದರೆ ಪ್ರಾಣ ಬಿಡುವ, ಪೂಜೆ ಮಾಡದೆ ನೀರು ಕುಡಿಯದ ಹಿರಿಯ ಗೌಡರು ಬೇಡ ಅಂದರು. "ಮನ್ಯಾಗೂ ಪೂಜಿ, ಸಾಲ್ಯಾಗೂ ಪೂಜಿ. ಹುಡುಗ ಲೆಕ್ಕ ಯಾವಾಗ ಕಲೀಬೇಕು? ಹಳ್ಳದಾಚಿ ಮಾಸ್ತರ ಹೊಡದು ಕಲಸ್ತಾನ, ಅಲ್ಲೇ ಇರ್ಲಿ." ಮಠದ ಮೆಟ್ಟಿಲು ಹತ್ತದ ಒಬ್ಬ ಡ್ರೈವರ್ ಮಾತ್ರ ಹುರುಪಿನಿಂದ, ಇಬ್ಬರನ್ನೂ ಹಾಕುತ್ತೇನೆ, ಮಧ್ಯಾಹ್ನ ಊಟ ಇದೆಯಲ್ಲ ಅಂದ. ಧರ್ಮ ನೋಡಿ ಊಹೆ ಮಾಡಿದ್ದರೆ ಎಲ್ಲ ತಲೆಕೆಳಗಾಗುತ್ತಿತ್ತು. ಆದರೆ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತು. ಹಳ್ಳ ತಪ್ಪುತ್ತದೆ, ಇಲ್ಲೇ ಹಾಕುತ್ತೇವೆ. ನಮ್ಮ ಮನೆಯಲ್ಲೂ ಕೇಳಿದೆ. ಅಪ್ಪ ಕಳೆ ತೆಗೆಯುವ ಕುರಪಿಗೆ ಹಿಡಿಕೆ ಹಾಕುತ್ತಾ, "ಊರಾಗ ಆದ್ರ ಕಳಸ್ತೇನಿ. ಇಲ್ಲಂದ್ರ ಇಲ್ಲ" ಅಂದ.

ಅಂದರೆ ಲೆಕ್ಕ ಹೀಗೆ. ನಮ್ಮೂರಲ್ಲಿ ಸಾಲಿ ಆದರೆ ನನ್ನ ತಂಗಿ ಐದಕ್ಕೆ ಹೋಗುತ್ತಾಳೆ, ಆ ಅಕ್ಕನ ಮಗಳು ಆರಕ್ಕೆ ನಿಲ್ಲುತ್ತಾಳೋ ಏನೋ. ಆಗದಿದ್ದರೆ ಅವಳು ಓದುತ್ತಾಳೆ, ಇವಳು ನಿಲ್ಲುತ್ತಾಳೆ. ಇದನ್ನು ಕೂಡಿಸುವುದು ಹೇಗೆ, ಕಳೆಯುವುದು ಹೇಗೆ? ಪುಸ್ತಕದ ಉಳಿದ ಹಾಳೆಗಳನ್ನೆಲ್ಲ ಮತ್ತೆ ಓದಿದೆ. ಎರಡು ಹುಡುಗಿಯರನ್ನು ತಕ್ಕಡಿಗೆ ಹಾಕುವ ರೀತಿ ಎಲ್ಲೂ ಇರಲಿಲ್ಲ.

ಅಜ್ಜಾರ ಮುಂದೆ ಹೋಗಿ ಕೂತೆ. ಜೋಳಿಗೆಯ ಮಾತನ್ನೂ ಹೇಳಿದೆ. ಅಜ್ಜಾರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಹಂಗಂದ್ರ ನನಗೂ ಮಂದಿ ಹಂಗ ಹೇಳ್ತಿರಬೇಕು, ಅಲ್ಲೇನವಾ? ಇಷ್ಟು ವರ್ಷ?"

ಏನು ಹೇಳಲಿ? ಹೌದು ಅಂದರೂ ತಪ್ಪು, ಇಲ್ಲ ಅಂದರೂ ಜೋಳಿಗೆಯ ಮಾತೇ ಆಗುತ್ತದೆ.

"ಆಚಿ ಸಾಲಿಗೆ ಖರೆ ಏನಾಗತೈತಿ?"

"ಮ್ಯಾಲಿನ ವರ್ಗ ಮುಚ್ಚಬಹುದ್ರಿ ಅಜ್ಜಾರ. ನಮ್ಮ ಹುಡುಗೂರು ಹೋಗದಿದ್ರ ಉಳಿಯೂದು ಕಠಿಣ ಐತ್ರಿ."

ಬಾಯಿಂದ ಹೊರಬಿದ್ದ ಮೇಲೆ ತಂಗಿಯ ನೆನಪಾಯಿತು. ಆದರೆ ಇದ್ದದ್ದು ಅದೇ ಆಗಿತ್ತು.

ಅಜ್ಜಾರು ಧಾರವಾಡದ ಆಫೀಸಿನ ಕಾಗದ ತರಿಸಿ ಇನ್ನೊಮ್ಮೆ ಓದಿದರು. ಆಮೇಲೆ, "ಹಂಗಾರ ನಾವು ಎಂಟರಿಂದ ಸುರು ಮಾಡೂಣು. ಎಂಟನೇದು ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ. ಇನ್ನೊಬ್ಬರ ಸಾಲಿ ಮುಚ್ಚಿಸಿ ನಾವು ಪ್ರಾರ್ಥನಾ ಹೇಳಿದ್ರ ಅದು ಯಾರಿಗೆ ಮುಟ್ಟತೈತಿ?" ಅಂದರು.

ಊರಲ್ಲಿ ಎಲ್ಲರೂ ಭಲೇ ಅಂದರು. ಹೆಡ್ ಮಾಸ್ತರರು ಯಾರ ಕೈಲೋ ನನಗೆ ಒಂದು ಹೊಸ ಪೆನ್ನು ಕಳಿಸಿದರು. ನಾನು ಮನೆಗೆ ಬಂದರೆ ತಂಗಿ ಬಾಗಿಲಲ್ಲೇ ನಿಂತಿದ್ದಳು.

"ಅಕ್ಕಾ, ನಮ್ಮೂರಾಗ ಸಾಲಿ ಆತಂತಲ್ಲ? ನಾ ಹೋಗ್ಲೇನ?"

"ಎಂಟನೇದಕ್ಕ ಹೋಗೂವಂತಿ."

ಅವಳು ಬೆರಳು ಮಡಚಿದಳು. "ಮತ್ತ ನಡುವಿಂದು? ಅದನ್ನ ಯಾರು ಕಲೀಬೇಕು?"

ಅಪ್ಪ ಒಳಗಿನಿಂದ ಕೆಮ್ಮಿದ. ಅಪ್ಪ ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಏನಾದರೂ ಅನ್ನಬಹುದಿತ್ತು.

ಹಳ್ಳದಾಚೆಯ ಸಾಲಿ ಸುರುವಾದ ದಿನ ಬೆಳಿಗ್ಗೆ ಅಪ್ಪ ಹೊಲಕ್ಕೆ ಹೋದ ಮೇಲೆ ಅವಳಿಗೆ ಎರಡು ಜಡೆ ಹಾಕಿ, ಪಾಟಿಚೀಲ ಹೆಗಲಿಗೆ ಹಾಕಿ ಕರೆದುಕೊಂಡು ಹೊರಟೆ. ಯಾರನ್ನೂ ಕೇಳಲಿಲ್ಲ. ಕೇಳಿ ಕೇಳಿ ನನಗೆ ಸಾಕಾಗಿತ್ತು. ಹಿಂದಿನ ದಿನ ಮೇಲೆಲ್ಲೋ ಮಳೆ ಆಗಿತ್ತು, ಹಳ್ಳದಲ್ಲಿ ಕೆಂಪು ನೀರು, ಮೊಣಕಾಲಿಗೆ ಬರುವಷ್ಟು. ಅವಳ ಕೈ ಹಿಡಿದು ಇಳಿದಿದ್ದೆ, ದಂಡೆಯ ಮೇಲಿನ ಹೊಲದಿಂದ ಅಪ್ಪನ ದನಿ ಬಂತು.

"ಎಲ್ಲಿಗೆ ಬೇ?"

"ಸಾಲಿಗೆ."

ಅಪ್ಪ ಎತ್ತು ಬಿಟ್ಟು ದಂಡೆಗೆ ಬಂದ. ನೀರು ನೋಡಿದ, ಅವಳನ್ನು ನೋಡಿದ. ನನ್ನ ಕಡೆ ನೋಡಲಿಲ್ಲ.

"ಸಂಜಿಗೆ ಯಾರು ತರಾವ್ರು?"

"ನಾನ."

"ದಿನಾ?"

ದಿನಾ ಅಂದರೆ ಎಷ್ಟು ದಿನ, ಹಳ್ಳ ಸೊಂಟಕ್ಕೆ ಬಂದ ದಿನ ಏನು, ನನಗೆ ಮದುವೆ ಮಾಡಿ ಕಳಿಸಿದ ಮೇಲೆ ಏನು, ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. "ಇವತ್ತಂತೂ ನಾನ" ಅಂದೆ.

ಅಪ್ಪ ಧೋತರ ಮೇಲೆ ಕಟ್ಟಿದ. "ಆ ಕಲ್ಲು ಪಾಚಿ ಹಿಡದೈತಿ, ಜಾರತೈತಿ. ಬಲಕ್ಕ ಬರ್ರಿ" ಅನ್ನುತ್ತಾ ನೀರಿಗೆ ಇಳಿದು, ನಮ್ಮ ಮುಂದೆ ಕಾಲಿಂದ ತಳ ತಡವುತ್ತಾ ನಡೆದ.