ಖಾಲಿ ಜಾಗ ತುಂಬಿದ ಅಪ್ಪ

ಕಳೆದ ಶನಿವಾರ ಜಾರ್ಜ್ ವಾಷಿಂಗ್ಟನ್ ಬ್ರಿಜ್ ಮೇಲೆ, ಹೆಂಡತಿ ಮಗಳ ಎದುರಿಗೇ, ನನ್ನ ಬಾಯಿಂದ ಒಂದು ಕೆಟ್ಟ ಬೈಗುಳ ಹೊರಬಿತ್ತು. ಟ್ರಾಫಿಕ್ಕಿಗೆ ಬೈದದ್ದಲ್ಲ. ಹಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಮೊದಲಿಂದ ಹೇಳುತ್ತೇನೆ. ಮಗಳು ನಿಧಿ ಹೈಸ್ಕೂಲಿನಲ್ಲಿದ್ದಾಳೆ. ಅವಳ ಹಿಸ್ಟರಿ ಟೀಚರ್ ಒಂದು ಪರ್ಮಿಷನ್ ಸ್ಲಿಪ್ ಕಳಿಸಿದ್ದರು. ಎಂಬತ್ತರ ದಶಕದ ಒಂದು ಗ್ಯಾಂಗ್‌ಸ್ಟಾ ರ್ಯಾಪ್ ಆಲ್ಬಮ್ಮನ್ನು ಕ್ಲಾಸಿನಲ್ಲಿ ಕೇಳಿಸಿ ಚರ್ಚೆ ಮಾಡಿಸುತ್ತಾರಂತೆ. ಅಪ್ಪ ಅಥವಾ ಅಮ್ಮನ ಸಹಿ ಬೇಕು. (ಆಲ್ಬಮ್ಮಿನ ಹೆಸರು ಬರೆಯುವುದಿಲ್ಲ. ಈ ಅಂಕಣವನ್ನು ನಮ್ಮತ್ತೆಯೂ ಓದುತ್ತಾರೆ.) ಲಾಸ್ ಏಂಜಲೀಸ್ ಕಡೆಯ ಕಪ್ಪು ಹುಡುಗರು ಮಾಡಿದ್ದು. ಪೊಲೀಸರನ್ನು ಬಾಯಿಗೆ ಬಂದಂತೆ ಬೈದರೆಂದು ಆಗ ದೊಡ್ಡ ಗಲಾಟೆ. ರೇಡಿಯೋದವರು ಮುಟ್ಟಲಿಲ್ಲ. ಮುಟ್ಟಲಿಲ್ಲ ಅಂತಲೇ ಎಲ್ಲರೂ ಕೇಳಿದರು. ಆಮೇಲೆ ಬಂದ ರ್ಯಾಪ್‌ನಲ್ಲಿ ಅದರ ನೆರಳು ಬೀಳದ್ದು ಕಡಿಮೆ.

ಹೆಂಡತಿ ಸುಧಾ ಸ್ಲಿಪ್ ಓದಿ ಕನ್ನಡಕ ತೆಗೆದಳು. “ಏನ್ರೀ ಇದು? ನಿಮಗೆ ಗೊತ್ತಾ?”

“ಕೇಳಿದ ಹಾಗಿಲ್ಲ,” ಅಂದೆ.

ಯಾಕೆ ಸುಳ್ಳು ಹೇಳಿದೆ? ‘ಎಕ್ಸ್‌ಪ್ಲಿಸಿಟ್’ ಅಂತ, ಅಂದರೆ ಬೈಗುಳ ಇದೆ ಅಂತ, ಬರೆದ ಹಾಡು ಮನೆಯಲ್ಲಿ ಕೂಡದು ಎಂದು ರೂಲ್ ಮಾಡಿದವನೇ ನಾನು.

ಸಹಿ ಹಾಕುವ ಮೊದಲು ಸ್ವಲ್ಪ ಕೇಳಿನೋಡೋಣ ಅಂದಳು ಸುಧಾ. ಶನಿವಾರ ನಮ್ಮೂರು ಫೋರ್ಟ್ ಲೀಯಿಂದ ಬ್ರಿಜ್ ದಾಟಿ ಹಿಕ್ಸ್‌ವಿಲ್‌ನಲ್ಲಿರುವ ಅವಳ ಅಕ್ಕನ ಮನೆಗೆ ಹೊರಟಾಗ ನಿಧಿ ಕಾರಿನಲ್ಲಿ ಕ್ಲೀನ್ ವರ್ಷನ್ ಹಾಕಿದಳು. ಬೈಗುಳ ಬರುವ ಕಡೆಯೆಲ್ಲ ಮಾತು ಕಟ್, ಬರೀ ತಾಳ. ನನ್ನ ಬೆರಳು ಸ್ಟೀರಿಂಗ್ ಮೇಲೆ ಕುಟ್ಟತೊಡಗಿದ್ದು ನನಗೇ ಗೊತ್ತಾಗಲಿಲ್ಲ. ಒಂದು ಖಾಲಿ ಜಾಗ ಬಂತು. ನಾನು ತುಂಬಿದೆ. ಸ್ಪಷ್ಟವಾಗಿ, ತಾಳಕ್ಕೆ ಸರಿಯಾಗಿ.

ನಿಧಿ ಹಾಡು ನಿಲ್ಲಿಸಿದಳು. “ಅಪ್ಪ. ಹೌ ಡು ಯು ನೋ ದಟ್?”

ಸುಧಾ ಪೂರ್ತಿ ನನ್ನ ಕಡೆ ತಿರುಗಿ ಕೂತಳು. ಎದುರಿಗೆ ಕಾರುಗಳ ಸಾಲು ಅಲ್ಲಾಡುತ್ತಿಲ್ಲ. ಇಳಿದು ಓಡೋಣವೆಂದರೆ ಕೆಳಗೆ ಹಡ್ಸನ್ ನದಿ.

ಹೇಳಿದೆ. ಮೂವತ್ತು ವರ್ಷದ ಹಿಂದೆ ನೆವಾರ್ಕಿನಲ್ಲಿ ಎಂ.ಎಸ್. ಮಾಡುವಾಗ ಡ್ಯಾರೆಲ್ ಅಂತ ನನ್ನ ರೂಮ್‌ಮೇಟ್. ಅಲ್ಲಿಯವನೇ, ಕಪ್ಪು ಹುಡುಗ, ಓದಿನಲ್ಲಿ ನನಗಿಂತ ಜಾಣ. ನನ್ನ ಮೈಸೂರು ಇಂಗ್ಲಿಷಿಗೆ ಕನಿಕರಪಟ್ಟು ಈ ಕ್ಯಾಸೆಟ್ ಕೊಟ್ಟ. ದಿನಾ ಪಾತ್ರೆ ತೊಳೆಯುತ್ತಾ ಕೇಳಿದೆ. ಅರ್ಥವಾಗದ ಒಂದು ಪದವನ್ನು ಡಿಪಾರ್ಟ್‌ಮೆಂಟಿನ ವಯಸ್ಸಾದ ಸೆಕ್ರೆಟರಿಯ ಹತ್ತಿರ ಕೇಳಿದೆ. ಆಕೆ ಮೊದಲು ಎದ್ದು ಬಾಗಿಲು ಹಾಕಿದರು, ಆಮೇಲೆ ಅರ್ಥ ಹೇಳಿದರು.

ಇಲ್ಲಿಯವರೆಗೆ ನಿಧಿ ಬಿದ್ದೂ ಬಿದ್ದೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ಡ್ಯಾರೆಲ್ ಕಾರಿನಲ್ಲಿ ಪಕ್ಕದ ಊರಿಗೆ ಅಕ್ಕಿ ತರಲು ಹೋಗಿದ್ದೆವು. ಹಿಂದೆ ಪೊಲೀಸ್ ಲೈಟ್. ಯಾರೂ ಹೇಳುವ ಮೊದಲೇ ಡ್ಯಾರೆಲ್ ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲಿಟ್ಟ. ಪೊಲೀಸಿನವನು ನೇರ ನನ್ನ ಕಿಟಕಿಗೆ ಬಂದು ಕೇಳಿದ: “ಇವನು ನಿಮಗೇನಾದರೂ ತೊಂದರೆ ಕೊಡ್ತಿದ್ದಾನಾ?”

“ವಾಟ್ ಡಿಡ್ ಯು ಸೇ?” ನಿಧಿ ಕೇಳಿದಳು.

“‘ನೋ ಸರ್’ ಅಂದೆ.”

“ದಟ್ಸ್ ಇಟ್?”

“ಅಷ್ಟೇ. ಸ್ಟೂಡೆಂಟ್ ವೀಸಾ. ಹೆದರಿಕೆ.”

‘ಅವನು ನನ್ನ ಸ್ನೇಹಿತ’ ಅನ್ನಬಹುದಿತ್ತು. ಅನ್ನಲಿಲ್ಲ. ಅಲ್ಲಿತನಕ ತಮಾಷೆಯಾಗಿದ್ದ ಬೈಗುಳಗಳು ಆಮೇಲೆ ತಮಾಷೆಯಾಗಿ ಕೇಳಿಸಲಿಲ್ಲ.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಸುಧಾ ಕೇಳಿದಳು.

“ನಾಚಿಕೆ ಕಣೇ.”

ಸುಧಾ ಅರ್ಧಕ್ಕೆ ಬಿಡುವವಳಲ್ಲ. ಭಾನುವಾರ ಬೆಳಿಗ್ಗೆ ಐಪ್ಯಾಡ್ ಹಿಡಿದು ಕೂತು ಇಡೀ ಆಲ್ಬಮ್ಮಿನ ಲಿರಿಕ್ಸ್ ಓದಿದಳು, ಒಂದು ಸಾಲೂ ಬಿಡದೆ. ಕಾಫಿ ಆರಿತು. ನಾನು ತೆಪ್ಪಗೆ ಹುರುಳಿಕಾಯಿ ಹೆಚ್ಚುತ್ತಿದ್ದೆ. (ಪಲ್ಯಕ್ಕೆ ಬೇಕಾದ್ದಕ್ಕಿಂತ ಮೂರು ಪಟ್ಟು ಹೆಚ್ಚಿದ್ದೆ.)

ಕೊನೆಗೆ ಸ್ಲಿಪ್ಪಿಗೆ ಸಹಿ ಹಾಕಿ ನಿಧಿಗೆ ಹೇಳಿದಳು: “ಕ್ಲಾಸಲ್ಲಿ ನನ್ನದೊಂದು ಪ್ರಶ್ನೆ ಕೇಳು. ಪೊಲೀಸರ ಮೇಲಿನ ಸಿಟ್ಟು ನನಗೆ ಅರ್ಥವಾಯ್ತು. ಹೆಂಗಸರಿಗೂ ಇಷ್ಟೊಂದು ಬೈಗುಳ ಯಾಕೆ? ಕಾರು ತಡೆದು ನಿಲ್ಲಿಸಿದ್ದು ನಾವಾ?”

ನಿಧಿ ಫೋನಿನಲ್ಲಿ ಬರೆದುಕೊಂಡಳು. ಇಡೀ ಆಲ್ಬಮ್ ಬಾಯಿಪಾಠ ಇದ್ದ ನನಗೆ, ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಒಮ್ಮೆಯೂ ಯಾಕೆ ಹೊಳೆಯಲಿಲ್ಲ?