ಚೀಟಿ ಬಿದ್ದಲ್ಲೇ ಗುಂಡಿ

ಬೆಳಗಿನ ಆರು ಗಂಟೆ. ತೃಶ್ಶಿಲೇರಿ ಕಡೆಯ ಮಂಜು ಇನ್ನೂ ರಸ್ತೆಯಿಂದ ಎದ್ದಿಲ್ಲ. ಹೊಸದಾಗಿ ಹಾಸಿದ ಜಲ್ಲಿಮಣ್ಣಿನ ಮೇಲೆ ಚಾತಿ ಮಂಡಿಯೂರಿ, ಉಳಿಯಿಂದ ಗೇಣಾಳದ ಗುಂಡಿ ತೋಡುತ್ತಿದ್ದಾರೆ. ಎದ್ದ ಮಣ್ಣನ್ನು ಒಂದು ಚೂರೂ ಚೆಲ್ಲದೆ ಚೀಲಕ್ಕೆ ತುಂಬಿ, ಗುಂಡಿಗೆ ಒಣ ಮರಳು ಸುರಿಯುತ್ತಾರೆ. ತೆಗೆದ ಮಣ್ಣೆಷ್ಟು, ಹಿಡಿದ ಮರಳೆಷ್ಟು ಎಂದು ತೂಗಿದರೆ ರಸ್ತೆಯ ಗಟ್ಟಿತನ ಗೊತ್ತಾಗುತ್ತದೆ. ಮರಳು ಇಳಿಯುವ ಸದ್ದು ಕೇಳುತ್ತಾ ನಿಂತರೆ ಎಲ್ಲಿದ್ದೇನೆಂಬುದೇ ಇವರ ಬಗ್ಗೆ ಬರೆಯಲು ಬಂದ ನನಗೆ ಮರೆತುಹೋಗುತ್ತದೆ.

ಐವತ್ತು ದಾಟಿದ ಚಾತಿ ಕಾಟ್ಟುನಾಯ್ಕ ಬುಡಕಟ್ಟಿನ ಹೆಂಗಸು. ಗೆಡ್ಡೆ ಅಗೆದು ಬೆಳೆದ ಕೈಗಳಿಗೆ ಹನ್ನೊಂದು ವರ್ಷದಿಂದ ರಸ್ತೆ ಪರೀಕ್ಷೆಯ ದಿನಗೂಲಿ. ಮುತ್ತಂಗದ ಕಾಡಿನಲ್ಲಿ ಗುಡಿಸಲು ಹಾಕಿ ಜಾಗ ಕೇಳಿದ ಆದಿವಾಸಿಗಳನ್ನು ಪೊಲೀಸರು ಹೊರಹಾಕಿ ವರ್ಷ ಕಳೆದಿದೆ. ಆದರೂ ಇವರ ಅಳತೆ ಟೇಪು ಕಂಡರೆ ಸಾಕು, ಜಾಗ ಅಳೆಯಲು ಬಂದರೆಂದು ಜನ ಓಡಿ ಬರುತ್ತಾರೆ.

"ಪಟ್ಟಾ ಕೊಡ್ತಾರಾ ಅಂತಾರೆ. ಇಲ್ಲ, ರೋಡಿನ ಪಣಿ, ರೋಡಿನ ಕೆಲಸ ಅಂತೀನಿ. ಮುಖ ಬಾಡಿಹೋಗುತ್ತೆ ಸಾರೇ. ನಂಗೂ ಸಂಕಟ."

ಅರ್ಧ ಕಿಲೋಮೀಟರಿಗೆ ನಲವತ್ತು ಚೀಟಿ. ಒಂದೊಂದರಲ್ಲೂ ರಸ್ತೆಯ ಒಂದು ಜಾಗದ ಗುರುತು. ಎಂಜಿನಿಯರ್ ಕರುಣಾಕರನ್ ಬಿಸ್ಕತ್ತಿನ ಡಬ್ಬ ಅಲ್ಲಾಡಿಸುತ್ತಾರೆ, ಚಾತಿ ಕಣ್ಣುಮುಚ್ಚಿ ಐದು ಎತ್ತುತ್ತಾರೆ; ಆ ಐದು ಕಡೆ ಗುಂಡಿ. ಐದರ ಗಟ್ಟಿತನದ ಸರಾಸರಿಯೂ ಚೆನ್ನಾಗಿರಬೇಕು, ಐದರ ನಡುವೆ ಹೆಚ್ಚು ಅಂತರವೂ ಇರಬಾರದು. ಸ್ವಲ್ಪ ಏರುಪೇರಾದರೆ ಗುತ್ತಿಗೆದಾರರ ಹಣಕ್ಕೆ ಕತ್ತರಿ. ಬಹಳವಾದರೆ ಕೆಲಸ ಮತ್ತೆ ಮೊದಲಿಂದ. ಸರಾಸರಿ ಸಾಲದೇ ಎಂದು ಕೇಳಿದ ನನ್ನಂಥ ಲೆಕ್ಕದ ದಡ್ಡನಿಗೆ ಚಾತಿಯೇ ಮೇಷ್ಟರು.

"ಅನ್ನಕ್ಕೆ ಒಂದು ಅಗುಳು ನೋಡಿದ್ರೆ ಸಾಕು, ಅದು ಒಂದೇ ಪಾತ್ರೆ. ರೋಡಿಗೆ ಒಂದೊಂದು ಲೋಡೂ ಒಂದೊಂದು ಪಾತ್ರೆ. ನಾಲ್ಕು ಬೆಂದು ಒಂದು ಹಸಿ ಇದ್ರೆ, ಹಸೀದು ಉಂಡವನ ಹೊಟ್ಟೆಗೆ ನಿಮ್ಮ ಸರಾಸರಿ ಏನು ಮಾಡುತ್ತೆ?"

ಇವತ್ತಿನ ರಸ್ತೆ ಅವರದೇ ಹಾಡಿಯದು. ಮಗಳು ತಂಗಮ್ಮ ಏಳು ತಿಂಗಳ ಬಸುರಿ. ಆಚೆ ವರ್ಷ ಮಳೆಯಲ್ಲಿ ಅವಳನ್ನು ಕಂಬಳಿಯಲ್ಲಿ ಹೊತ್ತು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಚೊಚ್ಚಲ ಕೂಸು ಉಳಿಯಲಿಲ್ಲ. ಇವತ್ತು ರಸ್ತೆ ಪಾಸಾದರೆ ಮುಂದಿನ ವಾರವೇ ಹಾಡಿಗೆ ಜೀಪು ಬರುತ್ತದೆ.

ಐದನೆಯ ಚೀಟಿ ಬಿದ್ದಿರುವುದು ಹಾಡಿಯ ತಿರುವಿಗೆ. ಅಲ್ಲಿ ರೋಲರ್ ಅರ್ಧಕ್ಕೇ ನಿಂತಿದ್ದನ್ನು ಚಾತಿ ಕಣ್ಣಾರೆ ಕಂಡಿದ್ದಾರೆ. ಎಂಜಿನಿಯರ್ ದೂರದಲ್ಲಿ ತಕ್ಕಡಿಯ ಬಳಿ. ಗುತ್ತಿಗೆದಾರರ ಮೇಸ್ತ್ರಿ ಕೃಷ್ಣನ್ ಅಕ್ಕನೆಂದು ಕರೆದು ದನಿ ತಗ್ಗಿಸುತ್ತಾನೆ: "ಚೇಚಿ, ಹತ್ತಡಿ ಆಚೆ ತೋಡಿ. ರೋಡು ನಿಮ್ದೇ ಅಲ್ವಾ."

ಉಳಿ ಕೈಯಲ್ಲೇ ನಿಲ್ಲುತ್ತದೆ. ಸುಳ್ಳೇಕೆ ಹೇಳಲಿ, 'ಹತ್ತಡಿ ತಾನೇ' ಎಂಬ ಮಾತು ನನ್ನ ಬಾಯಿಗೂ ಬಂದಿತ್ತು.

"ಜೀಪು ತಿರುಗೋದು ಇಲ್ಲೇ ಕೃಷ್ಣಾ," ಎನ್ನುತ್ತಾರೆ ಚಾತಿ. "ಹತ್ತಡಿ ಆಚೆ ಅಲ್ಲ."

ಚೀಟಿ ಹೇಳಿದಲ್ಲೇ ತೋಡುತ್ತಾರೆ. ಉಳಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಮಧ್ಯಾಹ್ನ ಕರುಣಾಕರನ್ ಲೆಕ್ಕ ಮುಗಿಸಿ ತಲೆಯಾಡಿಸುತ್ತಾರೆ. ಸರಾಸರಿ ಸರಿಯಿದೆ, ಅಂತರ ಮಿತಿಮೀರಿದೆ. ರಸ್ತೆ ಪಾಸಾಗಲಿಲ್ಲ.

ಗಂಜಿ ತಂದ ತಂಗಮ್ಮ ಕೇಳುತ್ತಾಳೆ: "ಅವ್ವಾ, ಪಾಸಾಯ್ತಾ?"

"ಇಲ್ಲ ಮಗಳೇ. ತಿರುವು ಹಸಿ ಇತ್ತು."

ತಂಗಮ್ಮ ಗಂಜಿಯ ಪಾತ್ರೆ ಅವ್ವನ ಮುಂದಿಟ್ಟು ಪಕ್ಕದಲ್ಲೇ ಕೂರುತ್ತಾಳೆ. ಮಳೆಗೆ ಮೊದಲು ರೋಲರ್ ಮತ್ತೆ ಬರುತ್ತದೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಬರದಿದ್ದರೆ ಮಗಳನ್ನು ಹೆರಿಗೆಗೆ ಮೊದಲೇ, ಜೀಪು ಸಿಗುವ ಕಾಟಿಕುಳದ ನೆಂಟರ ಮನೆಯಲ್ಲಿ ಬಿಡುತ್ತಾರಂತೆ.

ನಿಮಗೇನು ಆಸೆ ಎಂದು ಕೇಳುತ್ತೇನೆ. ಚಾತಿ ಟೇಪಿನ ಮಣ್ಣು ಒರೆಸುತ್ತಾರೆ.

"ನಮ್ಮ ಜಾಗ ಅಳೆಯೋ ದಿವಸ ಬಂದ್ರೆ, ಒಂದು ತುದಿ ನನ್ನ ಕೈಗೆ ಕೊಡಲಿ ಸಾರೇ. ಒಂದು ಬೆರಳೂ ಆಚೀಚೆ ಹೋಗಲ್ಲ."