ಜಿಂಕೆಗೆ ಬೀಸಿದ ರಂಪಣಿ

ಶನಿಯಾರ ಮಾವ ನನ್ನ ಅಮ್ಮನ ದೊಡ್ಡಣ್ಣ. ಅವನ ಕೂಗು ಕೇಳದವರು ಭಟ್ಕಳ ಬಂದರದ ಹತ್ತಿರದ ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಜಗಲಿಯ ಕುರ್ಚಿಯಿಂದ "ಮಂಜೀ..." ಎನ್ನುತ್ತಾನೆ. ಅವನ ಹೆಂಡತಿ ಮಂಜಿ ಅತ್ತೆ ಬಾವಿಕಟ್ಟೆಯಲ್ಲಿರಲಿ, ಒಲೆಯ ಮುಂದಿರಲಿ, "ಓ" ಎನ್ನಲೇಬೇಕು. ಉತ್ತರ ಬಾರದಿದ್ದರೆ ಎರಡನೆಯ ಕೂಗಿಗೆ ಪಕ್ಕದ ಮನೆಯ ದುರ್ಗಮ್ಮ ಹೊರಬರುತ್ತಾಳೆ, ಮೂರನೆಯದಕ್ಕೆ ಇಡೀ ಕೇರಿ. ಅಷ್ಟರಲ್ಲಿ ಮಾವನ ಮುಖ ಬೂದಿಯಾಗಿರುತ್ತದೆ, ಉಸಿರು ಮೇಲೆ ಹೋದದ್ದು ಕೆಳಗೆ ಬಂದಿರುವುದಿಲ್ಲ.

ಮೊದಲು ಹೀಗಿರಲಿಲ್ಲವಂತೆ! ರಂಪಣಿ ಎಳೆಯುವಾಗ ದಡದಲ್ಲಿ ನಿಂತು ಹುಕುಂ ಕೊಡುತ್ತಿದ್ದವನು ಅವನೇ. ರಂಪಣಿ ಎಂದರೆ ಊರಿಗೆ ಊರೇ ಸೇರಿ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ, ಬಡಗಲ ತುದಿಗೊಂದು ತಂಡ, ತೆಂಕಲ ತುದಿಗೊಂದು ತಂಡ ನಿಂತು "ಹೈಲೆಸಾ" ಎಂದು ಎಳೆಯುತ್ತಾರೆ. ಒಳಗೆ ಸಿಕ್ಕಿದ್ದು ಬಂಗುಡೆಯೋ ಕಸವೋ ಹಾವೋ, ಎಲ್ಲ ದಡಕ್ಕೆ ಬರಲೇಬೇಕು. ಯಾವ ಹಗ್ಗ ಬಿಗಿ, ಯಾವುದು ಸಡಿಲ ಎಂದು ಮಾವ ಕೂಗಿದರೆ ಅಷ್ಟೂ ಕೈಗಳು ಒಟ್ಟಿಗೇ ಕೇಳುತ್ತಿದ್ದವಂತೆ.

ಆಮೇಲೆ ಬೋಟಿಗೆ ಹೋದ. ಗಾಳಿ ಎದ್ದ ಒಂದು ಮಧ್ಯಾಹ್ನ ಬೋಟಿನ ಕಂಬದಿಂದ ಜಾರಿ ಹಲಗೆಯ ಮೇಲೆ ಬೆನ್ನಡಿಯಾಗಿ ಬಿದ್ದ. ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ. ಉಳಿದವರೆಲ್ಲ ಬಲೆಯ ಗಡಿಬಿಡಿಯಲ್ಲಿದ್ದರು. "ಏಳಾ, ಸಾಕು ನಾಟ್ಕ" ಎಂದು ಯಾರೋ ನಗುತ್ತ ದಾಟಿ ಹೋದರು. ಪ್ರತಿ ಅಲೆಗೂ ಉಪ್ಪುನೀರು ಮುಖದ ಮೇಲೆ ಹರಿದು ಮೂಗಿಗೆ ಹೋಗುತ್ತಿತ್ತು, ಕೂಗಲು ಬಾಯಿ ತೆರೆದರೆ ಬಾಯಿಗೆ ಹೋಗುತ್ತಿತ್ತು. ಜನರ ನಡುವೆಯೇ ಒಬ್ಬನೇ ಮುಳುಗುತ್ತಿದ್ದ. ಕಾಲಿಗೆ ಮತ್ತೆ ಜೀವ ಬರಲಿಲ್ಲ. ಅಂದಿನಿಂದ ಅವನನ್ನು ಒಂದು ಕಡೆ ಕೂರಿಸಿ ಬಿಟ್ಟು ಹೋದರೆ ಸಾಕು, ಆ ನೀರು ಮತ್ತೆ ಮೂಗಿಗೆ ಬರುತ್ತದೆ.

ಇದರಿಂದ ಸಿಕ್ಕಿಕೊಂಡವಳು ಮಂಜಿ ಅತ್ತೆ. ಮೀನು ಮಾರ್ಕೇಟಿನಲ್ಲಿ ಅವಳಿಗೊಂದು ಜಾಗ ಇತ್ತು, ಅವಳ ಅತ್ತೆ ಕೂತು ಬಿಟ್ಟುಕೊಟ್ಟ ಜಾಗ. ಹನುಮಕ್ಕ ಎಂಬ ಗೆಳತಿ ಅಲ್ಲಿ ತನ್ನ ಬುಟ್ಟಿ ಇಟ್ಟು ಕಾಯುತ್ತಿದ್ದಳು. ಈಚೆಗೆ ಅವಳೂ ಹೇಳಿಬಿಟ್ಟಿದ್ದಳು: "ಶಿವರಾತ್ರಿ ಒಳಗೆ ಬಂದು ಕೂತ್ಕೊ ಮಂಜಿ. ಆಮೇಲೆ ಬೇರೆಯೋರು ಕೂತ್ರೆ ನಾ ಎಂತ ಜಗಳ ಮಾಡುಕಾತು?"

ಹೀಗಿರುವಾಗ ಕುಮಟಾದ ಜಗದೀಶಣ್ಣ ತನ್ನ ಮೂರು ಚಕ್ರದ ಸ್ಕೂಟರಿನಲ್ಲಿ ಬಂದ. ಧಾರೇಶ್ವರದವನು, ಕುಮಟಾದಲ್ಲಿ ಮೊಬೈಲ್ ಅಂಗಡಿ, ಒಂದು ಕಾಲು ಪೋಲಿಯೋಗೆ ಹೋಗಿದೆ, ನಡೆಯಲಾಗದವರದೊಂದು ಸಂಘ ಕಟ್ಟಿದ್ದಾನೆ. ಸ್ಕೂಟರಿನಿಂದ ಇಳಿಯದೆಯೇ ಕೇಳಿದ:

"ಶನಿಯಾರಣ್ಣ, ಜಿಂಕೆ ಬೇಟೆಗೆ ಬರ್ತ್ಯಾ?"

"ಕಾಲಿಲ್ದೋನಿಗೆ ಎಂತಾ ಬೇಟೆ ಮಾರಾಯಾ?"

"ಬೇಟೆಲಿ ಓಡೂದು ಜಿಂಕೆ. ಬೇಟೆಗಾರ ಸುಮ್ನೆ ಕೂತಿರುದು. ನಮ್ಮಷ್ಟು ಕೂತು ರೂಢಿ ಇದ್ದೋರು ಈ ಜಿಲ್ಲೆಲಿ ಯಾರಿದ್ರು ಹೇಳು?"

ಅವನ ಅಜ್ಜ ಕೋವಿ ಹಿಡಿದವನಂತೆ. ಸೋವುವವರು ಗದ್ದಲ ಮಾಡಿ ಮೃಗ ಎಬ್ಬಿಸಿ ತರುವುದು, ಬೇಟೆಗಾರ ಅದು ದಾಟುವ ಗಂಡಿಯಲ್ಲಿ ಉಸಿರು ಬಿಗಿಹಿಡಿದು ಕೂರುವುದು. ಜಗದೀಶಣ್ಣ ಅದನ್ನೇ ಕೋವಿಯಿಲ್ಲದೆ ಮಾಡುವವನಿದ್ದ. ಕುರ್ಚಿಯ ಕೈಗೆ ಸ್ಟ್ಯಾಂಡು, ಸ್ಟ್ಯಾಂಡಿಗೆ ಮೊಬೈಲು! "ಕೋವಿ ಹಿಡಿದ್ರೆ ಜೈಲು, ಮೊಬೈಲ್ ಹಿಡಿದ್ರೆ ಲೈಕು" ಎಂದು ನಕ್ಕ. ಗೇರುಸೊಪ್ಪದ ಹತ್ತಿರ ನಾರಾಯಣ ಎಂಬವರ ಗೇರುಗುಡ್ಡೆಯಲ್ಲಿ ಜಿಂಕೆಗಳು ಹಗಲು ಮಲಗುತ್ತವೆ, ಅವರು ದಿನಾ ಓಡಿಸುತ್ತಾರೆ, ಒಂದು ದಿನ ನಾವು ಓಡಿಸುವುದು. ಕಾಡಿನೊಳಗೆ ಕಾಲಿಡಬಾರದು ಎಂದು ಫಾರೆಸ್ಟಿನವರು ಹೇಳಿದ್ದಾರೆ, ಇಡುವುದೂ ಇಲ್ಲ.

"ಆದ್ರೆ ಒಂದ್ ಮಾತು," ಎಂದ. "ಗಂಡೀಲಿ ಒಬ್ನೇ ಕೂರ್ಬೇಕು. ಕೂಗಿದ್ರೆ ಎಲ್ರ ಬೇಟೆನೂ ಹಾಳು."

ಮಾವನ ಕೈ ಆಗಲೇ ಕುರ್ಚಿಯ ಹಿಡಿಕೆಗೆ ಹೋಗಿತ್ತು. "ನಂಗೆ ಆಗೂದಿಲ್ಲ."

ಒಳಗಿಂದ ಮಂಜಿ ಅತ್ತೆ ಹೊರಗೆ ಬಂದಳು. "ಹೋಯ್, ಹೋಗಿ. ಅಲ್ಲಿ ಕೂಗ್ದೆ ಕೂತು ಬಂದ್ರೆ ಸೋಮ್ವಾರ ನಾ ಮಾರ್ಕೇಟಿಗೆ ಹೋಗ್ತೆ. ಕೂಗಿದ್ರೆ ಹನುಮಕ್ಕಗೆ ಜಾಗ ಬಿಡು ಅಂತ ಹೇಳಿ ಬರ್ತೆ. ಎರಡ್ರಲ್ಲಿ ಒಂದಾಗ್ಲಿ."

ಮಾವ ಮೇಲೆ ನೋಡಿದ. ಅವಳ ಬುಟ್ಟಿ ಅಟ್ಟದ ಮೇಲೆ ಬೋರಲಾಗಿ ಬಿದ್ದದ್ದು ಅವನಿಗೆ ಕುರ್ಚಿಯಿಂದಲೇ ಕಾಣುತ್ತದೆ.

ಜನವರಿಯ ಒಂದು ಭಾನುವಾರ ಟೆಂಪೋ ಹೊರಟಿತು. ಮಾವನ ತಮ್ಮ ದೇವು ಮಾವ ರಂಪಣಿ ತಂಡವನ್ನೇ ತುಂಬಿಕೊಂಡು ಬಂದಿದ್ದ, ಕುರ್ಚಿ ಹೊರಲಿಕ್ಕೆ, ಸೋವಲಿಕ್ಕೆ. ನಾನೂ ಹತ್ತಿಕೊಂಡೆ, ನನಗಂತೂ ಹಿಂದಿನ ದಿನದಿಂದ ನಿದ್ದೆಯೇ ಇಲ್ಲ, ನಿಜವಾದ ಜಿಂಕೆ! ಹೊನ್ನಾವರದಲ್ಲಿ ಉಮಾ ಟೀಚರ್ ಹತ್ತಿದರು. ಎರಡು ಊರುಗೋಲಿನಲ್ಲಿ ನಡೆಯುವವರು, ಮಕ್ಕಳಿಗೆ ಜಿಂಕೆಯ ಪಾಠ ಎಷ್ಟು ಸಲ ಮಾಡಿದ್ದಾರೋ, ಜಿಂಕೆಯನ್ನು ಮಾತ್ರ ಕಂಡಿಲ್ಲ.

ಗೇರುಸೊಪ್ಪದಲ್ಲಿ ನಾರಾಯಣ ಎದುರುಗೊಂಡರು. ಮೇಲೆ ಗೇರುಗುಡ್ಡೆ, ಕೆಳಗೆ ಕೊಯ್ಲಾದ ಗದ್ದೆ, ಗದ್ದೆಯ ಆಚೆ ಕಾಡು. ಗುಡ್ಡೆಯಿಂದ ಎದ್ದ ಜಿಂಕೆ ಗದ್ದೆ ದಾಟಿ ಕಾಡಿಗೆ ಹೋಗಬೇಕು, ಗದ್ದೆಯಂಚಿನಲ್ಲಿ ತೆಂಗಿನ ಗರಿಯ ತಟ್ಟಿಗಳ ಹಿಂದೆ ನಮ್ಮ ಬೇಟೆಗಾರರು.

"ಬೇರೆ ಎಂತದೂ ಇಲ್ಲ ಅಲ್ದಾ?" ಎಂದು ಮಾವ ಕೇಳಿದ.

"ಹೋದ ವಾರ ಒಂದು ಕಾಡುಕೋಣ ಇತ್ತು. ಹೋತು ಕಾಣ್ತದೆ," ಎಂದರು ನಾರಾಯಣ.

"ಕಾಣ್ತದೆ ಅಂದ್ರೆ?"

"ಹೋತು, ಹೋತು."

ಜಗದೀಶಣ್ಣ ದೇವು ಮಾವನಿಗೆ ಹತ್ತು ಸಲ ಹೇಳಿದ: "ಮೇಲಿಂದ ಒಂದೇ ಸಾಲಲ್ಲಿ ಬನ್ನಿ, ಮೆತ್ತಗೆ ಚಪ್ಪಾಳೆ ತಟ್ಟಿ. ಎರಡೂ ಬದಿ ಬಿಟ್ಟೇ ಇರ್ಲಿ."

"ಬದಿ ಬಿಟ್ರೆ ಎಲ್ಲಾ ಜಾರಿ ಹೋಗ್ತಲಾ?"

"ಹೋಗೂದು ಹೋಗ್ಲಿ, ಬರೂದು ಬರ್ಲಿ."

"ಆತು, ಆತು," ಎಂದ ದೇವು ಮಾವ. ಬಾಯಿ ಆತು ಎಂದಿತು, ಕೈ ಎಲ್ಲಿ ಕೇಳುತ್ತದೆ?

ಕುರ್ಚಿಯ ಕೆಳಗೆ ಎರಡು ಬಿದಿರು ಕಟ್ಟಿ ನಾಲ್ಕು ಜನ ಮಾವನನ್ನು ಹೊತ್ತರು. "ಹೆಣ ಹೊತ್ತ ಹಾಂಗೆ ಹೊರಬೇಡ್ರಾ," ಎಂದು ಅವನು ಬೈಯುತ್ತಲೇ ಇದ್ದ, ಮಾತಾಡಿಸುತ್ತಿದ್ದರೆ ಅವರು ಹೋಗಲಾರರು ಎಂಬ ಹಾಗೆ. ತಟ್ಟಿಯ ಹಿಂದೆ ಇಳಿಸಿದರು. ಜಗದೀಶಣ್ಣ ಒಂದು ಸೀಟಿ ಕೊಟ್ಟ. "ಜೀವಕ್ಕೆ ಬಂದ್ರೆ ಮಾತ್ರ ಊದು. ಊದಿದ್ರೆ ಎಲ್ರೂ ಓಡಿ ಬರ್ತ್ರು, ಬೇಟೆ ಮುಗೀತು." ಮಂಜಿ ಅತ್ತೆ ದೂರದ ರಸ್ತೆಯಲ್ಲಿ ಟೆಂಪೋ ಹತ್ತಿರ ನಿಂತಳು, ಅವನಿಗೆ ಕಾಣದ ಹಾಗೆ. ನಾವು ಗುಡ್ಡೆ ಹತ್ತಿದೆವು.

ಅಲ್ಲಿ ಏನಾಯಿತು ಎಂದು ಮಾವ ಆಮೇಲೆ ಹೇಳಿದ್ದು, ಈಗಲೂ ಹೇಳುತ್ತಲೇ ಇದ್ದಾನೆ.

ಹೆಜ್ಜೆ ಸಪ್ಪಳ ನಿಂತದ್ದೇ ತಡ, ಮೂಗಿಗೆ ನೀರು ಬಂತು. ಗದ್ದೆ ಒಣಗಿ ಬಿರಿದಿದೆ, ಆದರೂ ನೀರು. ಬೆನ್ನ ಹಿಂದೆ ಯಾರೂ ಇಲ್ಲ. ಪಕ್ಕದ ತಟ್ಟಿಯಲ್ಲಿ ಉಮಾ ಟೀಚರ್ ಇದ್ದಾರೆ, ಕಾಣುವುದಿಲ್ಲ. 'ಮಂಜೀ' ಎಂಬುದು ಗಂಟಲ ತನಕ ಬಂದು ನಿಂತಿತು. ಬಾಯಿ ಮುಚ್ಚಲು ಸೀಟಿಯನ್ನೇ ಹಲ್ಲಿನಲ್ಲಿ ಕಚ್ಚಿದ. ಅದು ಮತ್ತೊಂದು ಪಜೀತಿ! ಉಸಿರು ಬಿಟ್ಟರೆ ಸೀಟಿಯೊಳಗಿನ ಗುಂಡು ಕಿರ್ರ್ ಎನ್ನುತ್ತದೆ. ಮೂಗಿನಲ್ಲಿ ಉಸಿರಾಡೋಣ ಎಂದರೆ ಮೂಗಿನಲ್ಲಿ ನೀರು. ತೆಗೆಯೋಣವೆಂದರೆ ಹಿಡಿಕೆ ಬಿಡಬೇಕು, ಕೈ ಹಿಡಿಕೆ ಬಿಡಲೊಲ್ಲದು. ಬೆವರು ಕಣ್ಣಿಗಿಳಿಯಿತು.

ಆಗ ಜಿಂಕೆಗಳು ಬಂದವು. ಗೇರುಮರಗಳ ನೆರಳು ಅಲ್ಲಾಡಿದ ಹಾಗೆ ಆಯಿತು, ನೆರಳಿಗೆ ಕಾಲು ಬಂತು, ಚುಕ್ಕಿ ಬಂತು. ಒಂದು ಹೆಣ್ಣು, ಅದರ ಮರಿ, ಹಿಂದೆ ದೊಡ್ಡ ಕೊಂಬಿನದ್ದು. ಗದ್ದೆಯ ಅಂಚಿನಲ್ಲಿ ಒಂದು ಗಳಿಗೆ ಕಿವಿ ಎತ್ತಿ ನಿಂತು, ಒಟ್ಟಿಗೇ ಹಾರಿ ಹೋದವು. ಮೊಬೈಲು ಮುಂದೆಯೇ ಇತ್ತು, ಗುಂಡಿ ಒತ್ತುವ ನೆನಪೇ ಆಗಲಿಲ್ಲ. ಅವುಗಳಿಗೂ ತನ್ನ ಹಾಗೆಯೇ ಎದೆ ಹೊಡೆದುಕೊಳ್ಳುತ್ತಿತ್ತು, ಪಕ್ಕೆಯ ಚರ್ಮದ ಮೇಲೆ ಕಾಣುತ್ತಿತ್ತು ಎನ್ನುತ್ತಾನೆ.

ಮುಗಿಯಿತು, ಇನ್ನು ಬರುತ್ತಾರೆ ಎಂದುಕೊಂಡ. ಆಗ ಕಿವಿಗೆ ಬಿದ್ದದ್ದು "ಹೈಲೆಸಾ!"

ಬಡಗಿನಿಂದ "ಹೈಲೆಸಾ!" ತೆಂಕಿನಿಂದ "ಹೈಲೆಸಾ!" ದೇವು ಮಾವ ನಮ್ಮನ್ನೆಲ್ಲ ಅರ್ಧಚಂದ್ರವಾಗಿ ನಿಲ್ಲಿಸಿ ಎರಡೂ ತುದಿಯನ್ನು ಗದ್ದೆಗೆ ಇಳಿಸುತ್ತಿದ್ದ, ರೂಢಿಯ ಕೈ! ನಾನು ತೆಂಕಲ ತುದಿಯಲ್ಲಿದ್ದೆ, ಗಂಟಲು ಹರಿಯುವಷ್ಟು ಕೂಗುತ್ತಿದ್ದೆ, ಏನು ಮಾಡುತ್ತಿದ್ದೇವೆಂದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ಮಾವನಿಗೆ ಮಾತ್ರ ಆ ಕೂಗುಗಳು ಹತ್ತಿರವಾಗುವ ರೀತಿಯಲ್ಲೇ ಗೊತ್ತಾಯಿತು. ಗುಡ್ಡೆಗೆ ರಂಪಣಿ ಬಿದ್ದಿದೆ. ಒಳಗಿದ್ದದ್ದೆಲ್ಲ ದಡಕ್ಕೆ ಬರಬೇಕು, ದಡದಲ್ಲಿ ತಾನು ಕೂತಿದ್ದೇನೆ.

ಬಂತು. ಹೋತು ಹೋತು ಎಂದಿದ್ದ ಕಾಡುಕೋಣ. ಮೊದಲು ಕಂಡದ್ದು ಸೀದಾ ತಟ್ಟಿಯ ಕಡೆ ಬರುವ ಬಿಳಿ ಕಾಲುಗಳು, ಆಮೇಲೆ ಅವುಗಳ ಮೇಲೆ ಕಪ್ಪು ಗೋಡೆಯ ಹಾಗಿನ ಮೈ. ಗದ್ದೆಯಲ್ಲಿ ನಿಂತು ಬುಸ್ ಎಂದಿತು. ಗರಿಗಳ ಸಂದಿಯಲ್ಲಿ ಅದರ ಮೂಗಿನ ತೇವ ಕಾಣುವಷ್ಟು ಹತ್ತಿರ. ಹಿಂದಿನಿಂದ ನಮ್ಮ ಗದ್ದಲ ಅದನ್ನು ನೂಕುತ್ತಿತ್ತು. ಪ್ರತಿ "ಹೈಲೆಸಾ"ಕ್ಕೂ ಒಂದು ಹೆಜ್ಜೆ ಮುಂದೆ. ಮಾವನ ಲುಂಗಿ ಒದ್ದೆಯಾಯಿತು. ಸೀಟಿ ಊದಿದರೆ ಎಲ್ಲರೂ ಓಡಿ ಬರುತ್ತಾರೆ, ಬಲೆ ಇನ್ನೂ ಬಿಗಿಯುತ್ತದೆ. ಊದದಿದ್ದರೆ ಇನ್ನೊಂದು ಹೈಲೆಸಾ, ಅಷ್ಟೇ. ಪಕ್ಕದಲ್ಲಿ ಉಮಾ ಟೀಚರರ ಊರುಗೋಲು ಟಕ್ ಎಂದು ಬಿದ್ದಿತು. ಕೋಣ ಆ ಕಡೆ ತಲೆ ತಿರುಗಿಸಿತು.

ಮಾವ ಸೀಟಿ ಉಗುಳಿದ.

"ತೆಂಕಲ ಹಗ್ಗ ಬಿಡ್ರೋ! ದೇವೂ, ತೆಂಕು ಬಿಡೋ!"

ನನ್ನ ಕೈಯಲ್ಲಿ ಹಗ್ಗ ಎಲ್ಲಿತ್ತು? ಆದರೂ ಬಿಟ್ಟೆ! ತೆಂಕಲ ತುದಿಯವರೆಲ್ಲ ಬಾಯಿ ಮುಚ್ಚಿ ಹಿಂದೆ ಸರಿದರು, ಯಾಕೆಂದು ಒಬ್ಬರೂ ಕೇಳಲಿಲ್ಲ. ನಾನು ಗೇರುಮರದ ಹಿಂದೆ ನುಗ್ಗಿದೆ. ಕೂಗಿಗೆ ಬೆಚ್ಚಿದ ಕೋಣ ತಿರುಗಿ, ಸದ್ದಿಲ್ಲದ ಆ ಒಂದೇ ಬದಿಗೆ ಓಡಿ ಬಂತು. ನೆಲ ನಡುಗಿದ್ದು ನನ್ನ ಹಲ್ಲಿಗೆ ಗೊತ್ತಾಯಿತು. ಮರದ ಪಕ್ಕದಿಂದಲೇ ಹಾದು, ಗದ್ದೆಯ ಮೂಲೆ ದಾಟಿ, ಕಾಡಿನೊಳಗೆ ಹೋಯಿತು. ಆಮೇಲೆ ಎಷ್ಟೋ ಹೊತ್ತು ಕೊಂಬೆ ಮುರಿಯುವ ಸದ್ದು ಮಾತ್ರ.

ನಾವು ಓಡಿ ಹೋಗಿ ನೋಡಿದರೆ ಮಾವ ಇನ್ನೂ ಹಿಡಿಕೆ ಬಿಟ್ಟಿರಲಿಲ್ಲ. ದೇವು ಮಾವ ಅವನ ಕಾಲ ಹತ್ತಿರ ಕುಸಿದು ಕೂತ, ಮುಖದಲ್ಲಿ ರಕ್ತವೇ ಇಲ್ಲ. ತಪ್ಪಾಯಿತು ಎನ್ನಲು ಬಾರದೆ ಲುಂಗಿ ನೋಡಿ, "ಗದ್ದೆಗೆ ನೀರು ಬಿಟ್ಯಾ ಅಣ್ಣಾ?" ಎಂದ.

"ನಿನ್ನ ಬಲೆಗೆ ಸಮುದ್ರ ಬೇಕಿತ್ತಲ್ಲ, ಮಂಗಾ," ಎಂದ ಮಾವ. ಇಬ್ಬರೂ ನಕ್ಕರೋ ಅತ್ತರೋ.

ಉಮಾ ಟೀಚರ್ ಬಳಿ ಮೂರು ಜಿಂಕೆ ಗಾಳಿಯಲ್ಲಿರುವ ಫೋಟೋ ಇತ್ತು, ಮರಿಯ ಗೊರಸು ಕೂಡ ಸ್ಪಷ್ಟ! ಅವರು ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು. ಜಗದೀಶಣ್ಣ ಎಲ್ಲರಿಗೂ ಕೈ ಮುಗಿದ. ಅಷ್ಟರಲ್ಲಿ ರಸ್ತೆಯಿಂದ ಮಂಜಿ ಅತ್ತೆ ಬಂದಳು, ಮಾವ ತಲೆ ತಗ್ಗಿಸಿದ.

"ಕೂಗಿದ್ರಿ," ಎಂದಳು.

"ಕೂಗಿದೆ."

"ರಸ್ತೆ ತನಕ ಕೇಳ್ತು."

ಮಾವ ಹಿಡಿಕೆ ನೋಡುತ್ತ ಕೂತ. ಅವಳು ಒಣಗಿದ ಟವೆಲು ಅವನ ತೊಡೆಯ ಮೇಲೆ ಹಾಸಿ, ಅವನ ಒಂದೊಂದೇ ಬೆರಳನ್ನು ಹಿಡಿಕೆಯಿಂದ ಬಿಡಿಸಿದಳು. "ನನ್ನ ಹೆಸ್ರು ಮಾತ್ರ ಕೇಳ್ಲಿಲ್ಲ. ಸೋಮ್ವಾರ ಬುಟ್ಟಿ ಇಳಿಸ್ತೆ."

ಸೋಮವಾರ ನಾನು ಕಾಲೇಜು ತಪ್ಪಿಸಿದೆ, ಹೋಗುವುದು ಹೇಗೆ ಹೇಳಿ! ಮಂಜಿ ಅತ್ತೆ ಬುಟ್ಟಿ ಹೊತ್ತು ತಿರುವಿನಲ್ಲಿ ಮರೆಯಾದಳು. ಇಡೀ ಕೇರಿ ಕಿವಿ ನೆಟ್ಟು ಕೂತಿತು. ಕೂಗಿಲ್ಲ. ಆ ಮೌನ ಕೇಳಿ ಹೆದರಿದವಳು ದುರ್ಗಮ್ಮ, ಮತ್ತೆ ಮತ್ತೆ ಬೇಲಿಯಿಂದ ಇಣುಕಿ "ಎಂತ ಶನಿಯಾರಾ, ಬದ್ಕಿದ್ಯಾ?" ಎನ್ನುತ್ತಿದ್ದಳು. ಮಾವ ಬೆವರಿ ತೊಯ್ದು ಚಂಡಿಯಾಗಿದ್ದ, ಹಿಡಿಕೆ ಕಚ್ಚಿ ಹಿಡಿದಿದ್ದ, ಮುಖ ಅದೇ ಬೂದಿ. "ನೀರು ಬಂತಾ ಮಾವ?" ಎಂದು ಮೆಲ್ಲಗೆ ಕೇಳಿದೆ. "ಮೂಗಿನ ತನ್ಕ ಬಂದದೆ. ಮಾತಾಡ್ಸ್ಬೇಡ," ಎಂದ.

ಬಿಸಿಲೇರಿದ ಮೇಲೆ ತಿರುವಿನಿಂದ ಮಂಜಿ ಅತ್ತೆಯ ದನಿ: "ಹೋಯ್..."

ಮಾವ ಬಾಯಿ ತೆರೆದ. ನನ್ನ ಕಡೆ ನೋಡಿ ಮತ್ತೆ ಮುಚ್ಚಿದ.

"ಹೋಯ್! ಕೇಳ್ತಾ?"

ಸದ್ದಿಲ್ಲ. ಬುಟ್ಟಿ ಧಡ್ ಎಂದು ಬಿದ್ದ ಸಪ್ಪಳ, ಓಡಿ ಬರುವ ಹೆಜ್ಜೆ. ಜಡೆ ಬಿಚ್ಚಿಕೊಂಡು, ಕಣ್ಣು ಮೇಲಾಗಿ ಅಂಗಳಕ್ಕೆ ನುಗ್ಗಿದವಳನ್ನು ನೋಡಿ ಮಾವ ನಿಧಾನವಾಗಿ ಹೇಳಿದ:

"ಓ."

ಅವಳು ಏದುಸಿರು ಬಿಡುತ್ತ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೈಗೆ ಅಂಟಿದ್ದ ಮೀನಿನ ಹುರುಪೆಯನ್ನು ಅವನ ಕೆನ್ನೆಗೆ ಒರೆಸಿ, "ಹಡಬೆ," ಎಂದಳು, ಆಮೇಲೆ ದಾರಿಯಲ್ಲಿ ಚೆಲ್ಲಿದ ಬಂಗುಡೆ ಹೆಕ್ಕಲು ನನ್ನನ್ನು ಕರೆದಳು. ನಾವು ಹೋಗುವಾಗ ಮಾವ ಕೂಗಿದ:

"ಬೆಕ್ಕು ಬಂತು, ಬಡಗಲಿಂದ ಹೋಗ್ರಾ!"